ನಮ್ಮ ಬಚ್ಚಲಿನ ನಿಲ್ಲುವ ದೋಣಿ

ನಮ್ಮ ಮನೆಯಲ್ಲಿ ಏನೂ ಆಗದ ದಿನ ಅಂದರೆ ನಮ್ಮ ಮನೆಯವರು ಜ್ವರ ಬಂದು ಮಲಗಿದ ದಿನ ಮಾತ್ರ. ಉಳಿದಂತೆ ದಿನಕ್ಕೊಂದು ರಗಳೆ ತಪ್ಪಿದ್ದಲ್ಲ. ನರಸಿಂಹರಾಜಪುರದಲ್ಲಿ ಅವರದು ಪಂಪ್‌ಸೆಟ್ಟು ಮತ್ತು ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರು ರಿಪೇರಿ ಮಾಡುವ ಅಂಗಡಿ. ಕೈಯಲ್ಲಿ ಸ್ಪ್ಯಾನರ್ ಇದ್ದರೆ ಅವರಿಗೆ ಊಟ ಬೇಡ, ನಿದ್ದೆ ಬೇಡ, ಹೆಂಡತಿ ಕರೆದದ್ದು ಕೇಳುವುದಂತೂ ಬೇಡವೇ ಬೇಡ. ಮದುವೆಯಾದ ಹೊಸತರಲ್ಲಿ ನನಗೆ ಸಿಟ್ಟು ಬರುತ್ತಿತ್ತು. ಆಮೇಲಾಮೇಲೆ ಸಿಟ್ಟು ಬಂದರೂ ಪಕ್ಕದಲ್ಲಿ ಕೂತು ನೋಡುವ ಚಾಳಿ ಹತ್ತಿತು. ಈಗ ಹೇಳಹೊರಟಿರುವುದು ಎಂಬತ್ತರ ದಶಕದ ಶುರುವಿನಲ್ಲಿ ನನ್ನ ಬಚ್ಚಲುಮನೆ ಒಂದು ಬೇಸಿಗೆಯಿಂದ ಇನ್ನೊಂದು ಬೇಸಿಗೆಯ ತನಕ ನನ್ನ ಕೈತಪ್ಪಿ ಹೋದ ಕಥೆ.

ಬಸ್ಸಿನ ಮೇಲೆ ಬಂದದ್ದು

ಕೊಪ್ಪದಲ್ಲಿ ಒಬ್ಬ ಸಾಹೇಬರ ಗುಜರಿ ಅಂಗಡಿಯಿತ್ತು. ಅವರು ಮಂಗಳೂರಿನ ಬಂದರಿಗೆ ಹೋಗಿ ಹಡಗಿನವರು ಬಿಸಾಡಿದ ಸಾಮಾನು ಲಾರಿಯಲ್ಲಿ ಹೇರಿಸಿಕೊಂಡು ಬರುತ್ತಿದ್ದರು. ನಮ್ಮ ಮನೆಯವರಿಗೆ ಬೇರಿಂಗು, ಬುಷ್ಷು ಹುಡುಕುವ ನೆವದಲ್ಲಿ ವಾರಕ್ಕೊಮ್ಮೆಯಾದರೂ ಅಲ್ಲಿಗೆ ಹೋಗದಿದ್ದರೆ ಉಸಿರು ಕಟ್ಟುತ್ತಿತ್ತು. ಒಂದು ಸಂಜೆ ಕೊಪ್ಪದ ಬಸ್ಸಿನಿಂದ ಅವರು ಇಳಿದರು. ಹಿಂದೆಯೇ ಬಸ್ಸಿನ ಟಾಪಿನಿಂದ ಇನ್ನೊಂದು ಇಳಿಯಿತು. ಬೆಳ್ಳಗೆ ಉದ್ದಕ್ಕಿತ್ತು, ಮುಂದೆ ಮೀನಿನ ಮೂತಿ, ಹಿಂದೆ ತೆರೆದ ತಗ್ಗು, ಹೊಟ್ಟೆಯಲ್ಲಿ ಕೈ ತೂರುವಷ್ಟು ತೂತು.

ಬಸ್ಸಿನಲ್ಲಿದ್ದವರೆಲ್ಲ ದಾರಿಯುದ್ದಕ್ಕೂ ಅದು ಏನೆಂದು ಚರ್ಚೆ ಮಾಡಿಕೊಂಡೇ ಬಂದಿದ್ದರಂತೆ. ದೊಡ್ಡ ಮನುಷ್ಯರ ಬಾತ್ ಟಬ್ಬು ಎಂದು ಒಬ್ಬರು, ವಿಮಾನದ ತುಂಡು ಎಂದು ಇನ್ನೊಬ್ಬರು. ಕಂಡಕ್ಟರು ಪಾಪ, ತಲೆ ಕೆರೆದುಕೊಳ್ಳುತ್ತಿದ್ದ.

"ಲಗೇಜು ಎಂತದು ಅಂತ ಬರೀಲಿ ಮಾರಾಯ್ರೆ? ದೋಣಿ ಅಂತ ಬರೆದ್ರೆ ಚೆಕಿಂಗ್‌ನವರು ನನ್ನನ್ನೇ ಇಳಿಸ್ತಾರೆ" ಅಂದ.

ಜನ ಚದುರಿದ ಮೇಲೆ ನಾನು ಕೇಳಿದೆ. "ನಿಜವಾಗ್ಲೂ ದೋಣಿಯಾ?"

"ಹ್ಞೂಂ."

"ಕೂರೋದೆಲ್ಲಿ?"

"ಕೂರೋದಲ್ಲ ಮಾರಾಯ್ತಿ, ನಿಲ್ಲೋದು. ನೀರಿನ ಮೇಲೆ ನಿಂತುಕೊಂಡು ಹೋಗೋದು."

"ಹುಟ್ಟು ಎಲ್ಲಿ?"

"ಹುಟ್ಟೂ ಇಲ್ಲ, ಹೊರಗೆ ಪ್ರೊಪೆಲ್ಲರೂ ಇಲ್ಲ. ಹೊಟ್ಟೆಯೊಳಗೆ ಪಂಪಿದೆ. ಅಡಿಯಿಂದ ನೀರು ಎಳ್ಕೊಂಡು ಹಿಂದೆ ಉಗುಳ್ತದೆ. ಉಗುಳಿದ ರಭಸಕ್ಕೆ ತಾನೇ ಮುಂದೆ ಹೋಗ್ತದೆ."

ಪಂಪು ನೀರು ಎಳೆಯುತ್ತದೆ ಎನ್ನುವುದನ್ನು ಮದುವೆಯಾದ ದಿನದಿಂದ ಕೇಳಿ ಕೇಳಿ ನನಗೆ ಸಾಕಾಗಿತ್ತು. ಪಂಪು ತನ್ನನ್ನೇ ತಾನು ಎಳೆದುಕೊಂಡು ಹೋಗುತ್ತದೆ ಎನ್ನುವುದು ಹೊಸದು. ನಿಜ ಹೇಳಬೇಕೆಂದರೆ ಮೈ ಜುಮ್ಮೆಂದಿತು. ತೋರಿಸಿಕೊಳ್ಳಲಿಲ್ಲ ಅಷ್ಟೆ.

"ಇದು ಓಡ್ತದೆ ಅನ್ನೋದಕ್ಕೆ ಸಾಕ್ಷಿ ಎಂತದು?" ಎಂದೆ.

ಅವರು ಮೂತಿಯ ಪಕ್ಕ ಅಂಟಿಸಿದ್ದ ಒಂದು ಸ್ಟಿಕ್ಕರು ತೋರಿಸಿದರು. ನೀಲಿ ಅಲೆ, ಅಲೆಯ ಮೇಲೆ ಎರಡು ಕಾಲು, ಮೊಣಕಾಲು ಸ್ವಲ್ಪ ಬಗ್ಗಿದ ಹಾಗೆ. ಸೊಂಟದಿಂದ ಮೇಲಿನ ಭಾಗ ಪೂರ್ತಿ ಹರಿದುಹೋಗಿತ್ತು.

"ಸೊಂಟದ ಮೇಲೆ ಎಂತದೂ ಇಲ್ಲವಲ್ಲ" ಎಂದೆ.

"ಅದು ನಾನು" ಎಂದು ಹೇಳಿ ಅದನ್ನು ಬಚ್ಚಲುಮನೆಗೆ ಎಳೆದುಕೊಂಡು ಹೋದರು.

ಅಣ್ಣನ ಕಣ್ಣಿಗೆ ಬಾನಿ

ಅಂಗಡಿಯಲ್ಲಿ ಜಾಗವಿಲ್ಲ, ಬಚ್ಚಲಿನಲ್ಲಾದರೆ ಬೆಂಕಿಯೂ ಇದೆ ನೀರೂ ಇದೆ ಎನ್ನುವುದು ಅವರ ವಾದ. ಹಂಡೆ ಹಿತ್ತಲಿಗೆ ಬಂತು. ಸುತ್ತ ತೆಂಗಿನ ಗರಿಯ ತಡಿಕೆ ಕಟ್ಟಿ ನನ್ನ ಸ್ನಾನದ ಏರ್ಪಾಡಾಯಿತು. ಗಾಳಿ ಬಂದರೆ ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈಯಲ್ಲಿ ತಡಿಕೆ.

ನನ್ನ ತವರು ಭದ್ರಾ ಹಿನ್ನೀರಿನ ಆಚೆ ದಡದಲ್ಲಿ. ನಮ್ಮ ದಡದಲ್ಲಿ ನಿಂತರೆ ನನ್ನ ಅಣ್ಣನ ಮನೆಯ ಒಲೆಯ ಹೊಗೆ ಕಾಣುತ್ತದೆ. ಬಸ್ಸಿನಲ್ಲಿ ಹೋಗಬೇಕೆಂದರೆ ನೀರನ್ನೆಲ್ಲ ಸುತ್ತಿ ಬೆಳಗ್ಗೆ ಹೊರಟವರು ಸಂಜೆ ಮುಟ್ಟಬೇಕು. ನಡುವೆ ಒಬ್ಬ ದೋಣಿಯವನಿದ್ದ, ಅವನು ಮನಸ್ಸು ಬಂದ ದಿನ ದಾಟಿಸುತ್ತಿದ್ದ. ಹಾಗೆ ಅವನಿಗೆ ಮನಸ್ಸು ಬಂದ ಒಂದು ದಿನ ಅಣ್ಣ ಬೆಣ್ಣೆ ತೆಗೆದುಕೊಂಡು ನಮ್ಮಲ್ಲಿಗೆ ಬಂದ.

ಅಣ್ಣ ಎಮ್ಮೆಯ ಮನುಷ್ಯ. ಮನುಷ್ಯರ ಹೆಸರು ಮರೆತಾನು, ಯಾರ ಮನೆಯ ಎಮ್ಮೆ ಯಾವಾಗ ಕರು ಹಾಕಿತು ಎನ್ನುವುದು ಮರೆಯಲಾರ. ಬಚ್ಚಲಿಗೆ ಕಾಲು ತೊಳೆಯಲು ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಆ ತೆರೆದ ತಗ್ಗಿನೊಳಗೆ ಕೈಯಿಟ್ಟು ಗೇಣು ಹಾಕಿ ಅಳೆಯುತ್ತಿದ್ದ.

"ಎಂಥ ಚಂದದ ಬಾನಿ" ಅಂದ. "ಎರಡು ಎಮ್ಮೆ ಒಟ್ಟಿಗೆ ಅಕ್ಕಚ್ಚು ಕುಡಿಬಹುದು."

"ಅದು ದೋಣಿ ಭಾವ" ಎಂದರು ಇವರು.

ಅಣ್ಣ ನಮ್ಮ ಅಟ್ಟದ ಕಡೆ ನೋಡಿದ. ಅಟ್ಟದಲ್ಲಿ ಏನಿತ್ತು ಎನ್ನುವುದು ಊರಿಗೇ ಗೊತ್ತು. ಅರ್ಧಕ್ಕೆ ನಿಂತ ಅಡಿಕೆ ಸುಲಿಯುವ ಮಷೀನು, ಅರ್ಧಕ್ಕೆ ನಿಂತ ಗಿರಣಿ, ಕಪಾಳಕ್ಕೆ ಹೊಡೆದರೆ ಮಾತ್ರ ಮಾತಾಡುವ ರೇಡಿಯೋ. "ಇದೂ ಅಲ್ಲಿಗೇ ಹತ್ತೋದಲ್ವಾ ಭಾವ? ಅದರ ಬದಲು ನನ್ನ ಎಮ್ಮೆಗಳಿಗೆ ಕೊಡಿ. ಪುಣ್ಯ ಬರ್ತದೆ" ಅಂದ.

ನಮ್ಮ ಮನೆಯವರ ಮುಖ ಕೆಂಪಾಯಿತು. ಅವರನ್ನು ಏನು ಬೇಕಾದರೂ ಅನ್ನಬಹುದು, ಅಟ್ಟದ ಸುದ್ದಿಗೆ ಹೋಗಬಾರದು. "ಮುಂದಿನ ವರ್ಷದ ಮಳೆಗಾಲ ಹಿಡಿಯೋದ್ರೊಳಗೆ ಇದರ ಮೇಲೆ ನಿಂತುಕೊಂಡು ನೀರು ದಾಟಿ ನಿಮ್ಮ ಕೊಟ್ಟಿಗೆ ಬಾಗಿಲಿಗೆ ಬರ್ತೇನೆ. ಬಾರದಿದ್ರೆ ಬಾನಿ ನಿಮ್ಮದು" ಎಂದುಬಿಟ್ಟರು.

ಅಣ್ಣ ಆಗಲಿ ಎಂದ. ಆಗ ನಾನು ಮನಸ್ಸಿನಲ್ಲೇ ಅಣ್ಣನ ಪಕ್ಷ. ಯಾರು ಗೆದ್ದರೆ ನನಗೇನು, ನನ್ನ ಬಚ್ಚಲು ನನಗೆ ಸಿಕ್ಕಿದರೆ ಸಾಕು ಎಂದಿತ್ತು. ಆಮೇಲೆ ಅಣ್ಣ ಬಂದಾಗಲೆಲ್ಲ ನೆಟ್ಟಗೆ ಬಚ್ಚಲಿಗೆ ಹೋಗಿ ಹಲಸಿನ ಹಣ್ಣು ಬಡಿದು ನೋಡುವ ಹಾಗೆ ಅದನ್ನು ಬಡಿದು ನೋಡಿಕೊಂಡು ಬರುತ್ತಿದ್ದ. ಒಂದು ಸಲವಂತೂ ಇವರು ಹೊಟ್ಟೆಯ ತೂತು ಮುಚ್ಚಲು ಹೊರಟಾಗ ತಡೆದೇಬಿಟ್ಟ.

"ಆ ತೂತು ಹಾಗೇ ಇರ್ಲಿ ಭಾವ. ಬಾನಿ ತೊಳೆದ ನೀರು ಹೋಗ್ಲಿಕ್ಕೆ ಬೇಕಾಗ್ತದೆ."

ಯಾವ ದೇವರಿಗೆ

ಎಂಜಿನ್ ಬಿಚ್ಚಿದರೆ ಪಿಸ್ಟನ್ ಎರಡೂ ಸಿಲಿಂಡರಿಗೆ ಕಚ್ಚಿಕೊಂಡು ಕೂತಿದ್ದವು. ಸಮುದ್ರದ ಉಪ್ಪಿನ ಕೆಲಸ. ಸೀಮೆಎಣ್ಣೆ ಹೊಯ್ದರು, ಕೊಬ್ಬರಿ ಎಣ್ಣೆ ಹೊಯ್ದರು. ಕೊನೆಗೆ ಹಿತ್ತಲಿಗೆ ಹೋದ ಹಂಡೆಯ ಒಲೆಯಲ್ಲಿ ನನ್ನ ಸ್ನಾನದ ನೀರಿನ ಪಕ್ಕದಲ್ಲೇ ಸಿಲಿಂಡರು ಕಾಯಿಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಟ್ಟಿ ಬಿಡಿಸಿದರು. ಒಂದು ಪಿಸ್ಟನ್ನಿಗೆ ಬದಲು ಕೊಪ್ಪದ ಸಾಹೇಬರ ರಾಶಿಯಲ್ಲಿ ಯಾವುದೋ ಮೋಟಾರ್ ಸೈಕಲ್ಲಿನದು ಸಿಕ್ಕಿತು. ನಿಂತವರು ಹಿಡಿದು ತಿರುಗಿಸಬೇಕಾದ ಹಿಡಿಕೆ ಮುರಿದಿತ್ತು, ಅದಕ್ಕೆ ಬದಲು ಬಗನಿ ಮರದ ಹಿಡಿಕೆ ಬಂತು. ಬಣ್ಣ ಪಂಪ್‌ಸೆಟ್ಟಿಗೆ ಬಳಿಯುವ ಹಸಿರು, ಅಂಗಡಿಯಲ್ಲಿ ಉಳಿದದ್ದು. ಸೆಲ್ಫ್ ಸ್ಟಾರ್ಟರು ಪೂರಾ ಸತ್ತಿತ್ತು. ಅದರ ಜಾಗಕ್ಕೆ ಸ್ಪ್ರೇಯರಿಗೆ ಇರುವ ಹಾಗೆ ಗಾಲಿ ಕೂರಿಸಿ, ಹಗ್ಗ ಸುತ್ತಿ ಎಳೆದು ಎಂಜಿನ್ ಶುರು ಮಾಡುವ ವ್ಯವಸ್ಥೆ ಮಾಡಿದರು. ಎಂಜಿನ್ ಶುರುವಾದ ಕೂಡಲೇ ಹಗ್ಗ ಕೈಗೆ ಬರುತ್ತದೆ. ಆ ಹಗ್ಗವನ್ನು ಇವರು ಹೆಗಲ ಮೇಲೆ ಹಾಕಿಕೊಂಡು ಓಡಾಡುತ್ತಿದ್ದರು.

ಪಂಪಿನೊಳಗೆ ತಿರುಗುವ ಚಕ್ರವನ್ನೂ ಉಪ್ಪು ತಿಂದುಹಾಕಿತ್ತು. ಅಂಥದ್ದು ಎಲ್ಲಿ ಹುಡುಕುವುದು? ಶೃಂಗೇರಿಯಲ್ಲಿ ಗಂಟೆ, ದೀಪ ಎರಕ ಹೊಯ್ಯುವ ಒಬ್ಬ ಕಂಚುಗಾರರಿದ್ದರು. ಸವೆದ ಚಕ್ರ ಚೀಲಕ್ಕೆ ಹಾಕಿಕೊಂಡು ಇಬ್ಬರೂ ಹೋದೆವು. ಅವರು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ ಕೇಳಿದರು.

"ಯಾವ ದೇವರಿಗೆ?"

"ನೀರಿಗೆ" ಎಂದರು ಇವರು.

"ಗಂಗೆಗಾ? ಆಗ್ಲಿ" ಎಂದು ತೆಗೆದಿಟ್ಟುಕೊಂಡರು. ನಾನು ಬಾಯಿ ತೆರೆಯುವುದರೊಳಗೆ ಇವರು ನನ್ನ ಕೈ ಹಿಡಿದು ಹೊರಗೆ ಎಳೆದರು.

ತರಲು ಹೋದ ದಿನ ನೋಡಬೇಕಿತ್ತು. ತಟ್ಟೆಯಲ್ಲಿ ಹೂವಿಟ್ಟು ನಡುವೆ ಇಟ್ಟಿದ್ದರು. ಬಂಗಾರದ ಬಣ್ಣದ ಮೂರು ಎಸಳು, ಒಂದರ ಬೆನ್ನಿಗೆ ಒಂದು ಬಳುಕಿಕೊಂಡು ನಿಂತಿದ್ದವು. ಅಂಚು ವೀಳ್ಯದೆಲೆಯಷ್ಟು ತೆಳ್ಳಗೆ. ಯಾರೂ ಹೇಳದಿದ್ದರೂ ನಡುವಿನ ಗುಬುಟಿನಲ್ಲಿ ಒಂದು ಸಣ್ಣ ಕಮಲ ಕೆತ್ತಿದ್ದರು. ಮರದ ಕೊಡತಿಯಿಂದ ಅವರು ಒಮ್ಮೆ ಮುಟ್ಟಿಸಿದರು. ನಾದ ಎದ್ದದ್ದು ಅಂಗಡಿ ದಾಟಿ ಬೀದಿಗೆ ಹೋಯಿತು. ನಾನು ನನಗೇ ಗೊತ್ತಿಲ್ಲದೆ ಕೈಮುಗಿದೆ. ಜೀವಮಾನವಿಡೀ ಕತ್ತಲೆಯಲ್ಲಿ, ಯಾರ ಕಣ್ಣಿಗೂ ಬೀಳದೆ ನೀರೊಳಗೆ ತಿರುಗಬೇಕಾದ ವಸ್ತುವಿಗೆ ಇಷ್ಟೊಂದು ಚಂದ ಬಂದದ್ದು ಕಂಡು ನನಗೆ ಮಾತೇ ಹೊರಡಲಿಲ್ಲ.

ಮಾತು ಹೊರಟದ್ದು ಇವರಿಗೆ. ಸಂತೋಷದಲ್ಲಿ ಬಾಯಿ ಜಾರಿ, "ಇನ್ನು ಇದರ ಮೇಲೆ ನಿಂತುಕೊಂಡು ಹೊರಟೆನೆಂದರೆ" ಎಂದುಬಿಟ್ಟರು.

ಕಂಚುಗಾರರು ಕೊಡುತ್ತಿದ್ದ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. ಇವರು ಪೂರ್ತಿ ವಿಷಯ ಹೇಳಬೇಕಾಯಿತು. ಪಂಪು, ಉಗುಳು, ಓಟ, ಎಲ್ಲ. ಅವರು ಚಕ್ರದ ಮೇಲಿನ ಕಮಲವನ್ನು ಹೆಬ್ಬೆರಳಿನಿಂದ ಒಮ್ಮೆ ಒರೆಸಿದರು. ನಂತರ ತಟ್ಟೆ ಮುಂದಕ್ಕೆ ಚಾಚಿದರು.

"ನಿಲ್ಲೋದಾದ್ರೆ ನಿಲ್ಲಿ. ಚಪ್ಪಲಿ ಹಾಕ್ಕೊಂಡು ನಿಲ್ಲಬೇಡಿ."

ಬಿಸಿಲಲ್ಲಿ ಮಳೆ

ಚಕ್ರ ಕೂರಿಸಿದ ಮೇಲೆ ನೀರಿಗೆ ಇಳಿಸುವ ಮೊದಲು ಒಂದು ಪರೀಕ್ಷೆ ಆಗಬೇಕಿತ್ತು. ಬಚ್ಚಲಿನ ಕಲ್ಲುತೊಟ್ಟಿಯ ಮೇಲೆ ಹಲಗೆ ಹಾಸಿ ದೋಣಿಯನ್ನು ಕೂರಿಸಿದರು. ಅಡಿಯ ಬಾಯಿ ತೊಟ್ಟಿಯ ನೀರಿನಲ್ಲಿ, ಹಿಂದಿನ ಬಾಯಿ ಕಿಟಕಿಯ ಕಡೆಗೆ. ತೊಟ್ಟಿ ತುಂಬಿಸಿದ್ದು ನಾನು, ಬಾವಿಯಿಂದ ಸೇದಿ ಸೇದಿ. ಹಗ್ಗ ಸುತ್ತಿ ಎಳೆದರು. ಕೆಮ್ಮಿತು. ಮತ್ತೆ ಎಳೆದರು. ಮತ್ತೆ ಕೆಮ್ಮಿತು. ಅವರ ಭುಜ ಸೋತು, ಕೊನೆಗೆ ನಾನೂ ಹಗ್ಗದ ತುದಿ ಹಿಡಿದುಕೊಂಡೆ. ಇಬ್ಬರೂ ಸೇರಿ ಎಳೆದದ್ದೇ ತಡ, ಗೋಡೆಯ ಮಸಿಯೆಲ್ಲ ಉದುರುವ ಹಾಗೆ ಕೂಗಿಕೊಂಡು ಎದ್ದಿತು.

ಕಿಟಕಿಯಿಂದ ನೀರು ಹೊರಟ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದು ಸುರಿಯಲಿಲ್ಲ, ಚೆಲ್ಲಲಿಲ್ಲ. ತೊಲೆಯಷ್ಟು ದಪ್ಪಕ್ಕೆ, ನೆಟ್ಟಗೆ ಎದ್ದು ಹಿತ್ತಲ ಗೋಡೆ ದಾಟಿ, ಪಕ್ಕದ ಮನೆಯ ಹೆಂಚಿನ ಮಾಡೂ ದಾಟಿ ಬಿಸಿಲಲ್ಲಿ ಮಿಂಚುತ್ತ ಆಚೆಗೆ ಹೋಯಿತು. ನಾನು ಬೆಳಗ್ಗಿನಿಂದ ಸೇದಿದ ನೀರು ಕಣ್ಣು ಮುಚ್ಚಿ ತೆರೆಯುವುದರೊಳಗೆ ಖಾಲಿ. ಎಂಜಿನ್ ಬಂದ್ ಮಾಡಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು. ನನ್ನದು ಹೊಗೆಗೆ ಎಂದು ಹೇಳಿದೆ. ಆ ಗಳಿಗೆಯಿಂದ ನಾನು ಅಣ್ಣನ ಪಕ್ಷ ಬಿಟ್ಟೆ.

ಅಷ್ಟರಲ್ಲಿ ಬೀದಿಯಲ್ಲಿ ಗಲಾಟೆ. ಪಕ್ಕದ ಮನೆಯ ಅಜ್ಜಿ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸಿಟ್ಟು ಕಾಗೆ ಕಾಯುತ್ತಿದ್ದವರು, "ಮಳೆ ಬಂತು, ಮಳೆ ಬಂತು" ಎಂದು ಕೂಗಿದ್ದರು. ಅವರ ಕೂಗಿಗೆ ಬೀದಿಯ ಉದ್ದಕ್ಕೂ ಜನ ಓಡಿ ಬಂದು ಹಪ್ಪಳದ ಚಾಪೆ, ಮೆಣಸಿನಕಾಯಿ, ಹಾಸಿಗೆ, ಬಟ್ಟೆ ಎಲ್ಲ ಒಳಗೆ ಹೊತ್ತು ಹಾಕಿದರು. ಹೊತ್ತುಹಾಕಿ ಏದುಸಿರು ಬಿಡುತ್ತ ಆಕಾಶ ನೋಡಿದರೆ ಒಂದು ಮೋಡವಿಲ್ಲ.

ಅಜ್ಜಿ ಹಿತ್ತಲ ಗೋಡೆಯ ಬಳಿ ಬಂದು ಒದ್ದೆ ಸೆರಗನ್ನು ಮೂಗಿಗೆ ಹಿಡಿದು ನೋಡಿದರು. "ಎಂಥ ಕಾಲ ಬಂತು ಮಾರಾಯ್ತಿ" ಎಂದರು. "ಈಗಿನ ಮಳೆಗೆ ಸೀಗೆಪುಡಿ ವಾಸನೆ."

ಬಿಡದ ಡಾಂಬರು

ಹೊಟ್ಟೆಯ ತೂತು ಮುಚ್ಚಿದ್ದು ದೋಣಿಯವನು. ಫೈಬರಾದರೇನು, ಮರವಾದರೇನು, ತೂತು ತೂತೇ ಎನ್ನುವುದು ಅವನ ಮತ. ಡಾಂಬರು ಕಾಯಿಸಿ, ಗೋಣಿ ಅದ್ದಿ, ಪದರದ ಮೇಲೆ ಪದರ ಅಂಟಿಸಿದ. ನಮ್ಮ ಮನೆಯವರು ಸುಮ್ಮನಿರಬೇಕಲ್ಲ. ಕಾಲು ಜಾರಬಾರದು ಎಂದು ನಿಲ್ಲುವ ಜಾಗಕ್ಕೂ ಒಂದು ಕೈ ಡಾಂಬರು ಹೊಡೆಸಿದರು.

ಮೊದಲನೇ ಸಲ ನೀರಿಗೆ ಇಳಿಸಿದ್ದು ಬೇಸಿಗೆಯ ಸುಡು ಮಧ್ಯಾಹ್ನ. ಹಿನ್ನೀರು ಇಳಿದು ದಡದ ಕೆಸರು ಒಡೆದಿತ್ತು. ಗಾಡಿಯಲ್ಲಿ ದೋಣಿ ತಂದು ಸೊಂಟಮಟ್ಟದ ನೀರಿಗೆ ಬಿಟ್ಟೆವು. ಸುದ್ದಿ ಕೇಳಿ ಅರ್ಧ ಊರು ಬಂದಿತ್ತು. ಕಂಚುಗಾರರಿಗೆ ಕೊಟ್ಟ ಮಾತಿನಂತೆ ಇವರು ಚಪ್ಪಲಿ ಕಳಚಿ ಬರಿಗಾಲಲ್ಲಿ ಹತ್ತಿ ನಿಂತರು. ಬಿಸಿಲಿಗೆ ಡಾಂಬರು ಹದವಾಗಿ ಕರಗಿತ್ತು.

ಎಂಜಿನ್ ಶುರು ಮಾಡಲು ಬಗ್ಗಿದರು. ಎಡಗಾಲು ಎತ್ತಲು ನೋಡಿದರು, ಬರಲಿಲ್ಲ. ಬಲಗಾಲು ಎತ್ತಲು ನೋಡಿದರು, ಅದೂ ಬರಲಿಲ್ಲ. ದೋಣಿ ಒಂದು ಕಡೆಗೆ ವಾಲಿತು. ಬೇರೆ ಯಾರಾದರೂ ಆಗಿದ್ದರೆ ನೀರಿಗೆ ಬೀಳುತ್ತಿದ್ದರು. ಇವರು ಬೀಳಲಿಲ್ಲ. ದೋಣಿಯ ಜೊತೆಗೇ ಸುತ್ತಿ, ತಲೆ ಕೆಳಗೆ ಕಾಲು ಮೇಲಾಗಿ ನೀರೊಳಗೆ ಹೋಗಿ, ಇನ್ನೊಂದು ಪಕ್ಕದಿಂದ ದೋಣಿಯ ಜೊತೆಗೇ ಮೇಲೆ ಬಂದರು. ಬಂದಾಗಲೂ ನಿಂತೇ ಇದ್ದರು. ಜನ ಇದೂ ಒಂದು ವಿದ್ಯೆ ಎಂದುಕೊಂಡು ಚಪ್ಪಾಳೆ ಹೊಡೆದರು.

ನಾನು ಓಡಿಹೋಗಿ ಹಿಡಿದುಕೊಂಡೆ. ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ತರಿಸಿ ಪಿಸ್ಟನ್ ಬಿಡಿಸಿದ ಹಾಗೆಯೇ ಅವರ ಪಾದ ಬಿಡಿಸಬೇಕಾಯಿತು. ಅಷ್ಟು ಹೊತ್ತೂ ದೋಣಿಯವನು ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಸಹಾಯಕ್ಕೆ ಬರಲಿಲ್ಲ, ಮುಖದಲ್ಲಿ ಮಾತ್ರ ಏನೋ ತೃಪ್ತಿ.

"ನನ್ನ ಕೆಲಸ ನೋಡಿದ್ರಲ್ಲ" ಅಂದ. "ಯಜಮಾನ್ರು ಮುಳುಗಿದ್ರೂ ಡಾಂಬರು ಬಿಡಲಿಲ್ಲ."

ಹುಡುಕಿಕೊಂಡು ಬರುವ ಜಾತಿ

ಡಾಂಬರು ಕೆರೆದು ನಾರಿನ ಚಾಪೆ ಅಂಟಿಸುವಷ್ಟರಲ್ಲಿ ಪಡುವಣದಲ್ಲಿ ಮೋಡ ಕಟ್ಟತೊಡಗಿತು. ಇನ್ನು ಒಂದೆರಡು ದಿನದಲ್ಲಿ ಮಳೆ ಹಿಡಿಯುವುದು ಖಂಡಿತ. ಆ ಬೆಳಗ್ಗೆ ನಾವು ದೋಣಿ ದಡಕ್ಕೆ ತಂದರೆ, ಆಚೆಯಿಂದ ಅಣ್ಣನೂ ಬಂದು ಇಳಿದ. ಜೊತೆಗೆ ಇಬ್ಬರು ಆಳುಗಳು, ಅವರ ಹೆಗಲ ಮೇಲೆ ಒಂದು ಬಿದಿರ ಗಳ ಮತ್ತು ಹಗ್ಗ. ಬಾನಿ ಹೊತ್ತುಕೊಂಡು ಹೋಗಲಿಕ್ಕೆ ಎಂದು ಕೇಳದೆಯೇ ಗೊತ್ತಾಯಿತು.

ಇವರು ಹಗ್ಗ ಸುತ್ತಿ ಎಳೆದರು. ಎಂಜಿನ್ ಒಂದೇ ಏಟಿಗೆ ಎದ್ದಿತು. ಹಗ್ಗ ನನ್ನ ಕೈಗೆ ಎಸೆದು ಹಿಡಿಕೆ ಹಿಡಿದು ನಿಂತರು. ದೋಣಿ ಮೂತಿ ಎತ್ತಿತು, ಹಿಂದೆ ಬೆಳ್ಳನೆಯ ನೀರು ಎದ್ದಿತು, ಹೊರಟೇಬಿಟ್ಟಿತು. ನೀರಿನ ಮೇಲೆ ನನ್ನ ಗಂಡ ನಿಂತಿದ್ದರು.

ಒಂದು ಗಳಿಗೆ ನಿಂತಿದ್ದರು, ಅಷ್ಟೆ. ಆಮೇಲೆ ಬಿದ್ದರು. ದೋಣಿ ಖಾಲಿಯಾಗಿ ಮುಂದೆ ಹೋಯಿತು. ಹೋಯಿತಲ್ಲ ಎಂದು ನಾನು ಹಣೆ ಮುಟ್ಟಿಕೊಳ್ಳುವಾಗ ಅದರ ಸದ್ದು ಇಳಿಯಿತು, ಮೆಲ್ಲಗೆ ಪಕ್ಕಕ್ಕೆ ತಿರುಗಿತು, ದೊಡ್ಡದೊಂದು ಸುತ್ತು ಹಾಕಿ ಗುಡುಗುಡು ಎನ್ನುತ್ತ ಇವರು ಈಜುತ್ತಿದ್ದ ಕಡೆಗೇ ಬಂತು. ಅವರ ಮುಂದೆ ಬಂದು ಮೂತಿ ಆಡಿಸಿತು.

ಇವರು ಮತ್ತೆ ಹತ್ತಿದರು, ಮತ್ತೆ ಬಿದ್ದರು. ಅದು ಮತ್ತೆ ಸುತ್ತು ಹಾಕಿ ಹುಡುಕಿಕೊಂಡು ಬಂತು. ಬಿದ್ದಷ್ಟು ಸಲವೂ ಬಂತು.

"ಅದರಲ್ಲಿ ವಿಶೇಷ ಎಂತ ಇಲ್ಲ" ಎಂದು ಇವರು ಏದುಸಿರು ಬಿಡುತ್ತ ದಡಕ್ಕೆ ಬಂದು ವಿವರಿಸಿದರು. "ಕೈ ಬಿಟ್ಟರೆ ಎಂಜಿನ್ ನಿಧಾನ ಆಗ್ತದೆ, ಹಿಡಿಕೆ ಒಂದು ಕಡೆ ವಾಲ್ತದೆ, ಅದಕ್ಕೇ ತಿರುಗಿ ಬರ್ತದೆ."

ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರಿಗಿಂತ ಕಡಿಮೆ ಕೇಳಿಸಿಕೊಂಡವನು ನನ್ನ ಅಣ್ಣ. ಅವನು ಬಾಯಿ ತೆರೆದುಕೊಂಡು ದೋಣಿಯನ್ನೇ ನೋಡುತ್ತಿದ್ದ. ಅವನ ಜೀವಮಾನದಲ್ಲಿ ಎಷ್ಟು ಎಮ್ಮೆ ಸಾಕಿದ್ದನೋ, ಬಿದ್ದ ಯಜಮಾನನನ್ನು ಹುಡುಕಿಕೊಂಡು ಬಂದದ್ದು ಒಂದೂ ಇರಲಿಲ್ಲ. ತಪ್ಪಿಸಿಕೊಂಡದ್ದನ್ನು ಇವನೇ ಹುಡುಕಿಕೊಂಡು ಹೋಗಿ ರೂಢಿ.

"ಭಾವ" ಅಂದ ಕೊನೆಗೆ. ದನಿ ಸಣ್ಣಗಾಗಿತ್ತು. "ನಾನೊಂದು ಸಲ ನಿಂತು ನೋಡ್ಲಾ?"

ಇವರು ಸೋತು ಹೋಗಿದ್ದರು. ಆಗಲಿ ಎಂದು ತಲೆಯಾಡಿಸಿದರು. ಅಣ್ಣ ಪಂಚೆ ಎತ್ತಿ ಕಚ್ಚೆ ಕಟ್ಟಿದ. ತಲೆಗೆ ಬಿಳಿ ಟವೆಲ್ ಬಿಗಿದ. ಇನ್ನೂ ಗುಡುಗುಡು ಎನ್ನುತ್ತಲೇ ಇದ್ದ ದೋಣಿಗೆ ಒಮ್ಮೆ ಕೈಮುಗಿದು ಹತ್ತಿದ. ಮಂಡಿ ಬಗ್ಗಿಸಿ, ಬೆನ್ನು ಹಿಂದಕ್ಕೆ ಎಳೆದು ಅವನು ನಿಂತ ಕೂಡಲೇ ನನಗೆ ಹೊಳೆಯಿತು. ನಾನು ಆ ನಿಲುವನ್ನು ಸಾವಿರ ಸಲ ನೋಡಿದ್ದೆ. ನಾಟಿಗೆ ಮುಂಚೆ ಗದ್ದೆಯ ಕೆಸರು ಸಮ ಮಾಡಲು ಎಮ್ಮೆಗಳ ಹಿಂದೆ ಹಲಗೆ ಕಟ್ಟಿ, ಅದರ ಮೇಲೆ ಹಗ್ಗ ಹಿಡಿದು ನಿಂತು ನೀರು ಹಾರಿಸಿಕೊಂಡು ಹೋಗುತ್ತಾರಲ್ಲ, ಅದೇ ನಿಲುವು. ಚಿಕ್ಕಂದಿನಲ್ಲಿ ಹಲಗೆಗೆ ಭಾರ ಸಾಲದೆಂದು ಅವನ ಕಾಲಬುಡದಲ್ಲಿ ನನ್ನನ್ನು ಕೂರಿಸಿಕೊಳ್ಳುತ್ತಿದ್ದ. ನಮ್ಮ ಮನೆಯವರು ಪೇಟೆಯವರು. ಕೆಸರಿನಲ್ಲಿ ಕಾಲಿಟ್ಟವರೇ ಅಲ್ಲ.

ದೋಣಿ ಹಾರಿದ ಹಾಗೆ ಹೊರಟಿತು. ಅಣ್ಣ ಅಲುಗಲಿಲ್ಲ. ಸ್ವಲ್ಪ ದೂರ ಹೋಗಿ ತಿರುಗುತ್ತಾನೆ ಎಂದುಕೊಂಡೆವು. ಅವನು ನಿಲ್ಲಿಸಲು ಹಿಡಿಕೆಯನ್ನು ಎದೆಗೆ ಎಳೆದುಕೊಂಡು "ಹೋ, ಹೋ, ನಿಲ್ಲೇ" ಎಂದು ಕೂಗುವುದು ಕೇಳಿಸಿತು. ಎಳೆದಷ್ಟೂ ಅವನ ಕೈ ಬಿಗಿಯಾಯಿತು, ಕೈ ಬಿಗಿಯಾದಷ್ಟೂ ದೋಣಿಯ ಓಟ ಜೋರಾಯಿತು. ಎದ್ದ ನೀರಿನಲ್ಲಿ ಅವನ ಕಾಲು ಮರೆಯಾಗಿ ಸೊಂಟದಿಂದ ಮೇಲೆ ಮಾತ್ರ ಕಾಣುತ್ತಿತ್ತು. ಆ ಸ್ಟಿಕ್ಕರಿನಲ್ಲಿ ಹರಿದುಹೋದ ಅರ್ಧ ಅಲ್ಲಿ ಹೋಗುತ್ತಿತ್ತು. ನನ್ನ ಜನ್ಮದಲ್ಲಿ ಅಷ್ಟು ಚಂದದ್ದನ್ನು ನಾನು ನೋಡಿಲ್ಲ. ನಮ್ಮ ಮನೆಯವರೂ ನೋಡುತ್ತಿದ್ದರು. ಮೈಯಿಂದ ನೀರು ಸೋರುತ್ತಿದ್ದರೂ ಅವರಿಗೆ ಅದರ ಪರಿವೆ ಇರಲಿಲ್ಲ.

ಅಣ್ಣ ಚುಕ್ಕಿಯಾದ. ಗಕ್ಕನೆ ಸದ್ದು ನಿಂತಿತು. ಬಹಳ ಹೊತ್ತಿನ ಮೇಲೆ ಆಚೆ ದಡದಲ್ಲಿ ಬಿಳಿ ಟವೆಲ್ ಆಡಿತು.

ಜನ ಕೇಕೆ ಹಾಕಿದರು. "ದಾಟಿತು, ದಾಟಿತು" ಎಂದು ಇವರು ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಆಗ ದೋಣಿಯವನು ಗಂಟಲು ಸರಿ ಮಾಡಿಕೊಂಡ.

"ಆದ್ರೆ ಮಾತು ಆದದ್ದು ನೀವು ನಿಂತು ದಾಟಬೇಕು ಅಂತ ಅಲ್ವಾ?"

ಗಳ ಹೊತ್ತ ಆಳುಗಳಲ್ಲಿ ಒಬ್ಬ ಸಮಾಧಾನದ ಉಸಿರು ಬಿಟ್ಟ. "ನಮಗೆ ಹೊರೋದು ತಪ್ಪಿತು ಬಿಡಿ" ಅಂದ. "ಬಾನಿ ತಾನೇ ನಡ್ಕೊಂಡು ಮನೆಗೆ ಹೋಯ್ತು."

ಇವರ ಮುಖದಲ್ಲಿದ್ದ ಬಣ್ಣ ಇಳಿದುಹೋಯಿತು. ನನ್ನ ಕೈ ನೋಡಿದರು. ಎಂಜಿನ್ ಶುರು ಮಾಡುವ ಹಗ್ಗ ನನ್ನ ಕೈಯಲ್ಲೇ ಉಳಿದಿತ್ತು. ಅದಿಲ್ಲದೆ ಅಣ್ಣ ತಿರುಗಿ ಬರಲಾರ. ಕೂಡಲೇ ದಾಟಿಸು ಎಂದು ದೋಣಿಯವನಿಗೆ ಹೇಳುವಷ್ಟರಲ್ಲಿ ಗಾಳಿ ಎದ್ದಿತು. ಸಂಜೆಗೆ ಮಳೆ ಹಿಡಿದೇಬಿಟ್ಟಿತು. ಗಡುವು ಮುಗಿಯಿತು.

ಅವತ್ತು ಹಂಡೆ ಒಳಗೆ ಬಂತು. ಒಂದು ವರ್ಷದ ಮೇಲೆ ನನ್ನ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಹಂಡೆ ಖಾಲಿಯಾಗುವ ತನಕ ಬಿಸಿನೀರು ಸುರಿದುಕೊಂಡೆ. ಸುಖವೇ ಆಗಲಿಲ್ಲ. ಕಲ್ಲುತೊಟ್ಟಿಯ ಪಕ್ಕದ ಖಾಲಿ ಜಾಗವನ್ನೇ ನೋಡುತ್ತಿದ್ದೆ. ಹೊರಗೆ ಬಂದರೆ ಇವರು ಅಡುಗೆಮನೆಯ ಮೂಲೆಯಲ್ಲಿ ಹಗ್ಗ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಊಟ ಮಾಡಲಿಲ್ಲ.

ಬೆಳಗ್ಗೆ ಮೊದಲ ಬಸ್ಸು ಹಿಡಿದು ನೀರನ್ನೆಲ್ಲ ಸುತ್ತಿ ತವರು ಮುಟ್ಟುವಾಗ ಸಂಜೆ. ದಾರಿಯುದ್ದಕ್ಕೂ ಇವರು ಆಡಿದ್ದು ಒಂದೇ ಮಾತು. "ತೂತು ಮುಚ್ಚಿದ್ದಕ್ಕೆ ಭಾವ ಬೈತಾರೇನೋ."

ಅಣ್ಣ ಜಗಲಿಯಲ್ಲಿ ಇರಲಿಲ್ಲ. ಕೊಟ್ಟಿಗೆಯಲ್ಲಿದ್ದಾನೆ ಎಂದರು ಅತ್ತಿಗೆ. ಇವರು ಕೊಟ್ಟಿಗೆಯ ಬಾಗಿಲಲ್ಲೇ ನಿಂತುಬಿಟ್ಟರು. ಅವರ ಬೆನ್ನ ಹಿಂದಿನಿಂದ ನಾನು ಇಣುಕಿದೆ. ಸಾಲಾಗಿ ಎಮ್ಮೆಗಳು. ಕೊನೆಯ ಎರಡು ಎಮ್ಮೆಗಳ ನಡುವೆ ನಮ್ಮ ಹಸಿರು ದೋಣಿ. ಎದುರಿಗೆ ಒಂದು ಹೊರೆ ಹಸಿಹುಲ್ಲು.

"ಬಾನಿ ಮಾಡಿಬಿಟ್ರಾ ಭಾವ" ಎಂದರು ಇವರು.

ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ನೋಡಿದೆ. ತಗ್ಗಿನಲ್ಲಿ ಅಕ್ಕಚ್ಚು ಇರಲಿಲ್ಲ. ಒರೆಸಿ ಫಳಫಳ ಮಾಡಿಟ್ಟಿದ್ದ. ಮೂತಿಗೆ ಅರಿಶಿನ ಕುಂಕುಮ. ಹುಲ್ಲು ಅಕ್ಕಪಕ್ಕದ ಎಮ್ಮೆಗಳದ್ದು. ಬಗನಿ ಮರದ ಹಿಡಿಕೆಗೆ ಹೊಸ ಕಣ್ಣಿ ಕಟ್ಟಿ ಅದನ್ನು ಗೂಟಕ್ಕೆ ಬಿಗಿದಿದ್ದ.

"ಬಾನಿಯಾ?" ಅಣ್ಣನಿಗೆ ನಿಜವಾಗಿಯೂ ಬೇಸರವಾಯಿತು. "ಅದರ ಎದುರಿಗೆ ಅಂಥ ಮಾತು ಆಡಬೇಡಿ ಭಾವ."

"ಹಾಗಾದ್ರೆ ಕಟ್ಟಿ ಹಾಕಿದ್ದು ಎಂತಕ್ಕೆ?"

ಅಣ್ಣ ದೋಣಿಯ ಬೆನ್ನು ಸವರಿದ.

"ನಾನೇ ಕಣ್ಣಾರೆ ಕಂಡಿದ್ದೇನಲ್ಲ, ಇದು ಯಜಮಾನನನ್ನು ಬಿಟ್ಟಿರುವ ಜಾತಿಯದಲ್ಲ. ಮಳೆಯಲ್ಲಿ ನಿಮ್ಮನ್ನು ಹುಡುಕಿಕೊಂಡು ಹೊರಟುಬಿಟ್ಟರೆ, ಅಷ್ಟು ದೊಡ್ಡ ನೀರಲ್ಲಿ ನಾನು ಇದನ್ನು ಎಲ್ಲಿ ಅಂತ ಹುಡುಕ್ಲಿ?"